ಬಿರುಗಾಳಿಯ ದಾರಿಯಲ್ಲಿ ಕಾದು ನಿಂತ ಟಿಮ್ ಸಮಾರಸ್: ಒಂದು ಬದುಕು, ಖಾನಾಪುರಕ್ಕೂ ಒಂದು ಪಾಠ

ಬೆಳಗಾವಿ: ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಖಾನಾಪುರ ತಾಲೂಕಿನ ಪಾರಿಶ್ವಾಡದ ಸುತ್ತಲಿನ ಹೊಲಗಳಲ್ಲಿ ನಿಂತವರಿಗೆ ಅಡ್ಡಮಳೆಯ ಬರವು ಹೊಸದೇನಲ್ಲ. ಮುಗಿಲಂಚಿನಲ್ಲಿ ಹೂಕೋಸಿನಂತೆ ಉಬ್ಬಿದ ಬಿಳಿ ಮೋಡ ತಾಸಿನೊಳಗೆ ಕಪ್ಪಾಗುತ್ತದೆ. ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ಬರುತ್ತದೆ. ಅದರ ಹಿಂದೆಯೇ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಅರ್ಧ ತಾಸಿನಲ್ಲಿ ಎಲ್ಲವೂ ಮುಗಿದಿರುತ್ತದೆ. ಪಕ್ಕದ ಊರಿನಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ, ಇಷ್ಟು ಅಲ್ಪ ಕಾಲದಲ್ಲಿ ನಡೆದುಹೋಗುವ ಬಿರುಗಾಳಿಯನ್ನು ಉಪಗ್ರಹವಾಗಲಿ, ರೇಡಾರ್ ಆಗಲಿ ಪೂರ್ತಿಯಾಗಿ ಕಾಣಲಾರವು. ನೆಲದ ಮೇಲೆ ನಿಜವಾಗಿ ಏನಾಯಿತೆಂದು ಹೇಳಬಲ್ಲವನು ಆ ಮೋಡದ ಕೆಳಗೆ ನಿಂತ ಮನುಷ್ಯನೇ.

ಹೀಗೆ ನಿಂತು ನೋಡುವುದನ್ನೇ ಒಂದು ಶಿಸ್ತಾಗಿ ಬೆಳೆಸಿದ ದೇಶ ಅಮೆರಿಕ. ಅಲ್ಲಿ ಬಿರುಗಾಳಿಯ ವೀಕ್ಷಣೆಗಾಗಿ ಜೀವನವನ್ನೇ ಮುಡಿಪಾಗಿಟ್ಟವರ ಪೈಕಿ ಎದ್ದು ಕಾಣುವ ಹೆಸರು ಟಿಮ್ ಸಮಾರಸ್ ಅವರದು. ಕಾಲೇಜು ಪದವಿಯಿಲ್ಲದ ಈ ತಂತ್ರಜ್ಞ ಸುಂಟರಗಾಳಿಯ ಒಡಲಿನ ವಾಯುಭಾರವನ್ನು ಅಳೆದು ವಿಜ್ಞಾನಕ್ಕೆ ದಕ್ಕಿಸಿಕೊಟ್ಟರು. 2013ರಲ್ಲಿ ಸುಂಟರಗಾಳಿಯೊಂದಕ್ಕೇ ಬಲಿಯಾದರು. ಅವರ ಬದುಕು ಮತ್ತು ಸಾವು ಎರಡೂ ಮಳೆಗಾಲದ ಹೊಸ್ತಿಲಲ್ಲಿ ಸಿಡಿಲಿಗೆ ಜೀವ ತೆರುವ ನಮ್ಮ ಭಾಗದ ಜನರಿಗೂ ತಿಳಿದಿರಬೇಕಾದ ಸಂಗತಿಗಳಾಗಿವೆ.

ವೀಕ್ಷಕ ಯಾರು, ಬೆನ್ನಟ್ಟುವವನು ಯಾರು?

ಬಿರುಗಾಳಿ ವೀಕ್ಷಕ ಮತ್ತು ಬಿರುಗಾಳಿಯನ್ನು ಬೆನ್ನಟ್ಟುವವನು ಒಂದೇ ಅಲ್ಲ. ವೀಕ್ಷಕನು ತನ್ನ ಊರಿನಲ್ಲಿಯೇ ಸುರಕ್ಷಿತ ಸ್ಥಳದಲ್ಲಿ ನಿಂತು, ಮೋಡದ ಆಕಾರ, ಗಾಳಿಯ ವೇಗ, ಆಲಿಕಲ್ಲಿನ ಗಾತ್ರ ಇತ್ಯಾದಿಗಳನ್ನು ಹವಾಮಾನ ಕಚೇರಿಗೆ ತಿಳಿಸುತ್ತಾನೆ. ಬೆನ್ನಟ್ಟುವವನು ಮುನ್ಸೂಚನೆಯ ನಕ್ಷೆ ಹಿಡಿದು, ಬಿರುಗಾಳಿ ಎಲ್ಲಿ ಹುಟ್ಟಬಹುದೆಂದು ಊಹಿಸಿ, ನೂರಾರು ಕಿಲೋಮೀಟರ್ ವಾಹನ ಓಡಿಸಿ ಅದರ ಸಮೀಪಕ್ಕೆ ಹೋಗುತ್ತಾನೆ. ಮೊದಲನೆಯವನದು ಕಾವಲು, ಎರಡನೆಯವನದು ಶೋಧ, ಛಾಯಾಗ್ರಹಣ ಅಥವಾ ಬರಿಯ ಹವ್ಯಾಸ.

ವೀಕ್ಷಕರಿಗಾಗಿ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು 'ಸ್ಕೈವಾರ್ನ್' ಎಂಬ ಯೋಜನೆಯನ್ನು ದಶಕಗಳಿಂದ ನಡೆಸುತ್ತಿದೆ. ತರಬೇತಿ ಪಡೆದ ಮೂರೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಅದರಲ್ಲಿದ್ದಾರೆ. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಹ್ಯಾಮ್ ರೇಡಿಯೋ ಹವ್ಯಾಸಿಗಳು, ರೈತರು, ಗೃಹಿಣಿಯರು ಎಲ್ಲರೂ ಈ ಜಾಲದ ಭಾಗ.

ಬೆನ್ನಟ್ಟುವ ಹವ್ಯಾಸಕ್ಕೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. ಉತ್ತರ ಡಕೋಟಾ ರಾಜ್ಯದ ಡೇವಿಡ್ ಹೋಡ್ಲಿ 1956ರಿಂದ ಬಿರುಗಾಳಿಗಳ ಹಿಂದೆ ಹೊರಟರು. 1977ರಲ್ಲಿ ಇಂಥ ಹವ್ಯಾಸಿಗಳಿಗಾಗಿಯೇ 'ಸ್ಟಾರ್ಮ್ ಟ್ರ್ಯಾಕ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಹವ್ಯಾಸವು ವಿಜ್ಞಾನಕ್ಕೆ ನೆರವಾದದ್ದು 1970ರ ದಶಕದಲ್ಲಿ. 1973ರ ಮೇ 24ರಂದು ಓಕ್ಲಹೋಮಾ ರಾಜ್ಯದ ಯೂನಿಯನ್ ಸಿಟಿಯಲ್ಲಿ ಎದ್ದ ಸುಂಟರಗಾಳಿಯ ಹುಟ್ಟಿನಿಂದ ಅಳಿವಿನವರೆಗಿನ ಹಂತಗಳನ್ನು ಬೆನ್ನಟ್ಟಿದ ತಂಡವು ಚಿತ್ರೀಕರಿಸಿತು. ಅದೇ ಬಿರುಗಾಳಿಯನ್ನು ಡಾಪ್ಲರ್ ರೇಡಾರ್ ಕೂಡ ದಾಖಲಿಸಿಕೊಂಡಿತ್ತು. ಎರಡನ್ನೂ ಹೋಲಿಸಿ ನೋಡಿದಾಗಲೇ ಸುಂಟರಗಾಳಿಯು ರೇಡಾರ್ ಪರದೆಯ ಮೇಲೆ ಯಾವ ಗುರುತು ಮೂಡಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ಸ್ಪಷ್ಟವಾಯಿತು. ಇಂದಿನ ಮುನ್ನೆಚ್ಚರಿಕೆ ವ್ಯವಸ್ಥೆಯ ಬೇರು ಆ ಹೋಲಿಕೆಯಲ್ಲಿದೆ.

ಟಿ.ವಿ. ಬಿಚ್ಚುತ್ತಿದ್ದ ಬಾಲಕ

ಟಿಮ್ ಸಮಾರಸ್ ಜನಿಸಿದ್ದು 1957ರ ನವೆಂಬರ್ 12ರಂದು, ಕೊಲರಾಡೊ ರಾಜ್ಯದಲ್ಲಿ. ಬಾಲ್ಯದಲ್ಲಿ ನೋಡಿದ 'ದಿ ವಿಝರ್ಡ್ ಆಫ್ ಓಝ್' ಚಲನಚಿತ್ರದ ಸುಂಟರಗಾಳಿಯ ದೃಶ್ಯ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. ಮನೆಯಲ್ಲಿದ್ದ ವಿದ್ಯುತ್ ಉಪಕರಣಗಳನ್ನು ಬಿಚ್ಚುವುದು, ಕೆಟ್ಟ ಟಿ.ವಿ., ರೇಡಿಯೋಗಳ ಒಳಗನ್ನು ಕೆದಕುವುದು ಅವರ ನಿತ್ಯದ ಆಟವಾಗಿತ್ತು. ಹ್ಯಾಮ್ ರೇಡಿಯೋ ಅಭ್ಯಾಸವೂ ಚಿಕ್ಕಂದಿನಲ್ಲಿಯೇ ಅಂಟಿಕೊಂಡಿತು.

ಪ್ರೌಢಶಿಕ್ಷಣದ ಬಳಿಕ ಅವರು ಕಾಲೇಜಿನತ್ತ ಹೋಗಲಿಲ್ಲ. ಸುಮಾರು ಇಪ್ಪತ್ತರ ಹರೆಯದಲ್ಲಿ ಡೆನ್ವರ್ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯ ಬಾಗಿಲಿಗೆ ಹೋಗಿ ನೇರವಾಗಿ ಕೆಲಸ ಕೇಳಿದರು. ಕೈಯಲ್ಲಿ ಪದವಿ ಪತ್ರವಿರದಿದ್ದರೂ ಕೈಯ ಕಸುಬು ಅವರ ಪರವಾಗಿ ಮಾತನಾಡಿತು. ಅಲ್ಲಿ ಅವರ ಪಾಲಿಗೆ ಬಂದದ್ದು ರಕ್ಷಣಾ ಇಲಾಖೆಗೆ ಸಂಬಂಧಿಸಿದ ಸ್ಫೋಟಗಳ ಪರೀಕ್ಷೆ. ಸ್ಫೋಟದ ಕ್ಷಣಾರ್ಧದ ಒತ್ತಡವನ್ನು ಅಳೆಯುವುದು, ಅದನ್ನು ಅತಿ ವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿಯುವುದು ಅವರ ವೃತ್ತಿಯಾಯಿತು. ಮುಂದೆ ಅಪ್ಲೈಡ್ ರಿಸರ್ಚ್ ಅಸೋಸಿಯೇಟ್ಸ್ ಎಂಬ ಎಂಜಿನಿಯರಿಂಗ್ ಸಂಸ್ಥೆಯಲ್ಲಿಯೂ ದುಡಿದರು.

ವೃತ್ತಿಯಲ್ಲಿ ಕಲಿತದ್ದನ್ನು ಅವರು ಹವ್ಯಾಸಕ್ಕೆ ಧಾರೆಯೆರೆದರು. ಬಾಂಬಿನ ಪಕ್ಕದಲ್ಲಿಟ್ಟರೂ ಕೆಡದ ಉಪಕರಣವನ್ನು ತಯಾರಿಸಬಲ್ಲವನಿಗೆ ಸುಂಟರಗಾಳಿಯ ಒಳಗಿಟ್ಟರೂ ಕೆಡದ ಉಪಕರಣ ಅಸಾಧ್ಯವಲ್ಲ ಎಂಬುದು ಅವರ ತರ್ಕವಾಗಿತ್ತು.

ನೆಲಕ್ಕೆ ಅಂಟಿ ಕೂರುವ 'ಆಮೆ'

ಸುಂಟರಗಾಳಿಯ ಅಧ್ಯಯನದಲ್ಲಿ ಒಂದು ದೊಡ್ಡ ಕೊರತೆ ಬಹುಕಾಲದಿಂದ ಉಳಿದಿತ್ತು. ರೇಡಾರ್ ಕಿರಣವು ನೆಲದಿಂದ ಮೇಲಕ್ಕೆ ಸಾಗುವುದರಿಂದ, ನೆಲಮಟ್ಟದ ಮೊದಲ ಕೆಲವು ಮೀಟರುಗಳಲ್ಲಿ ಗಾಳಿ ಹೇಗೆ ವರ್ತಿಸುತ್ತದೆಂಬುದು ಅದಕ್ಕೆ ಕಾಣುವುದಿಲ್ಲ. ಆದರೆ ಮನೆಗಳು, ಶಾಲೆಗಳು, ಮನುಷ್ಯರು ಇರುವುದು ಆ ಕೆಲವು ಮೀಟರುಗಳಲ್ಲಿಯೇ. 1980ರ ದಶಕದಲ್ಲಿ 'ಟೊಟೊ' ಹೆಸರಿನ ಪೀಪಾಯಿಯಂಥ ಉಪಕರಣವನ್ನು ಸುಂಟರಗಾಳಿಯ ದಾರಿಯಲ್ಲಿ ಇಡಲು ವಿಜ್ಞಾನಿಗಳು ಹಲವು ಬಾರಿ ಯತ್ನಿಸಿದ್ದರೂ ಗಾಳಿಯ ನಡುಭಾಗಕ್ಕೆ ಅದನ್ನು ಸಿಲುಕಿಸುವುದು ಸಾಧ್ಯವಾಗಿರಲಿಲ್ಲ.

ಸಮಾರಸ್ ಬೇರೆಯೇ ಆಕಾರವನ್ನು ಆರಿಸಿಕೊಂಡರು. ಅವರ ಉಪಕರಣ ಎತ್ತರವಾಗಿರಲಿಲ್ಲ. ಮಗುಚಿಟ್ಟ ಅಗಲ ತಟ್ಟೆಯಂತೆ, ಶಂಕುವಿನಾಕಾರದ ಗಟ್ಟಿ ಲೋಹದ ಕವಚ. ಗಾಳಿ ಜೋರಾದಷ್ಟೂ ಅದು ಮೇಲೇಳುವ ಬದಲು ನೆಲಕ್ಕೆ ಒತ್ತಿಕೊಂಡು ಕೂರುವಂತೆ ರೂಪಿಸಲಾಗಿತ್ತು. ಸುಮಾರು 20 ಕಿಲೋ ತೂಕದ ಇದಕ್ಕೆ ಆಮೆ ಎಂಬ ಅಡ್ಡಹೆಸರು ಬಿತ್ತು. ಒಳಗೆ ವಾಯುಭಾರ, ತಾಪಮಾನ, ತೇವಾಂಶಗಳನ್ನು ಅಳೆಯುವ ಸಂವೇದಕಗಳಿದ್ದವು. ಉಪಕರಣ ಸಿದ್ಧವಾದರೂ ಕಷ್ಟದ ಕೆಲಸ ಬಾಕಿಯೇ ಇತ್ತು. ಸುಂಟರಗಾಳಿ ಯಾವ ರಸ್ತೆಯನ್ನು ಎಲ್ಲಿ ದಾಟುತ್ತದೆಂದು ಊಹಿಸಿ, ಅದರ ಮುಂದೆ ಹೋಗಿ, ಆಮೆಯನ್ನಿಟ್ಟು, ಪಾರಾಗಬೇಕು.

2003ರ ಜೂನ್ 24ರಂದು ದಕ್ಷಿಣ ಡಕೋಟಾ ರಾಜ್ಯದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಬಳಿ ಅದು ಸಾಧ್ಯವಾಯಿತು. ಸಮಾರಸ್ ಆಮೆಯನ್ನು ರಸ್ತೆಬದಿಯಲ್ಲಿಟ್ಟು ಹೊರಟ ಎರಡು ನಿಮಿಷದೊಳಗೆ ಸುಂಟರಗಾಳಿ ಅದರ ಮೇಲೆಯೇ ಹಾದುಹೋಯಿತು. ಆ ಊರು ನೆಲಸಮವಾಯಿತು. ಆಮೆ ಇಟ್ಟ ಜಾಗದಲ್ಲಿಯೇ ಇತ್ತು. ಅದರೊಳಗಿನ ದಾಖಲೆಯನ್ನು ತೆಗೆದು ನೋಡಿದಾಗ ವಾಯುಭಾರವು ಏಕಾಏಕಿ 100 ಮಿಲಿಬಾರ್‌ನಷ್ಟು ಕುಸಿದಿದ್ದುದು ಕಂಡುಬಂತು. ಸುಂಟರಗಾಳಿಯಲ್ಲಿ ಅಲ್ಲಿಯವರೆಗೆ ಅಳೆಯಲಾದ ಅತಿ ದೊಡ್ಡ ಕುಸಿತ ಅದಾಗಿತ್ತು. ಗಿನ್ನೆಸ್ ದಾಖಲೆಗೂ ಸೇರಿತು.

ಈ ಅಂಕಿಯ ಅರ್ಥವನ್ನು ನಮ್ಮ ನೆಲದ ಲೆಕ್ಕದಲ್ಲಿ ಹೀಗೆ ತಿಳಿಯಬಹುದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕಾರವಾರದ ಕಡಲ ತೀರದಿಂದ ಘಟ್ಟ ಹತ್ತಿ ಬೆಳಗಾವಿಗೆ ಬಂದರೆ ವಾಯುಭಾರ 80ರಿಂದ 90 ಮಿಲಿಬಾರ್‌ನಷ್ಟು ಇಳಿಯುತ್ತದೆ. ಆ ಪ್ರಯಾಣಕ್ಕೆ ಕೆಲವು ತಾಸು ಬೇಕು. ಮ್ಯಾಂಚೆಸ್ಟರ್‌ನಲ್ಲಿ ಅದಕ್ಕಿಂತ ಹೆಚ್ಚಿನ ಇಳಿಕೆಯು ಒಂದೇ ಸ್ಥಳದಲ್ಲಿ, ನೋಡನೋಡುತ್ತಿದ್ದಂತೆ ಆಗಿಹೋಗಿತ್ತು. ಇಂಥ ಮಾಹಿತಿ ಬರಿಯ ಕುತೂಹಲದ್ದಲ್ಲ. ಬಿರುಗಾಳಿಯನ್ನು ತಡೆಯಬಲ್ಲ ಕಟ್ಟಡಗಳನ್ನು ವಿನ್ಯಾಸಗೊಳಿಸಲು ಎಂಜಿನಿಯರರಿಗೆ ನೆಲಮಟ್ಟದ ಒತ್ತಡ ಮತ್ತು ಗಾಳಿಯ ನಿಜವಾದ ಲೆಕ್ಕ ಬೇಕಾಗುತ್ತದೆ.

ಸಿಡಿಲಿನ ಕ್ಷಣಕ್ಕೆ ಕಾದ ಕ್ಯಾಮೆರಾ

ಮ್ಯಾಂಚೆಸ್ಟರ್‌ನ ಯಶಸ್ಸಿನ ಬಳಿಕ ಸಮಾರಸ್ 'ಟ್ವಿಸ್ಟೆಕ್ಸ್' ಎಂಬ ಕ್ಷೇತ್ರ ಸಂಶೋಧನಾ ತಂಡವನ್ನು ಮುನ್ನಡೆಸಿದರು. ಹವಾಮಾನ ತಜ್ಞ ಕಾರ್ಲ್ ಯಂಗ್ ಅವರ ಒಡನಾಡಿಯಾಗಿದ್ದರು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಅವರ ಕೆಲಸಕ್ಕೆ ಹಲವು ಬಾರಿ ಧನಸಹಾಯ ನೀಡಿತು. ಡಿಸ್ಕವರಿ ವಾಹಿನಿಯ 'ಸ್ಟಾರ್ಮ್ ಚೇಸರ್ಸ್' ಸರಣಿಯ ಮೂಲಕ ಅವರ ಮುಖ ಮನೆಮನೆಗೂ ಪರಿಚಯವಾಯಿತು.

ಸುಂಟರಗಾಳಿಯಷ್ಟೇ ಅವರನ್ನು ಕಾಡಿದ್ದು ಸಿಡಿಲು. ಮೋಡದಿಂದ ಇಳಿಯುವ ವಿದ್ಯುತ್ತಿನ ಕವಲು, ನೆಲದಿಂದ ಮೇಲೇಳುವ ಕವಲು ಇವೆರಡೂ ಕೂಡುವ ಗಳಿಗೆಯಲ್ಲಿಯೇ ಸಿಡಿಲು ಹೊಡೆಯುವುದು. ಆ ಕೂಡುವ ಕ್ಷಣವನ್ನು ಚಿತ್ರೀಕರಿಸಬೇಕೆಂಬುದು ಅವರ ಹಂಬಲವಾಗಿತ್ತು. ಇದಕ್ಕಾಗಿ ಏಳುನೂರು ಕಿಲೋಗೂ ಮೀರಿ ತೂಗುವ, ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಬಲ್ಲ ಹಳೆಯ ಕ್ಯಾಮೆರಾವೊಂದನ್ನು ಮಾರ್ಪಡಿಸಿ ಗಾಡಿಗೆ ಕಟ್ಟಿಕೊಂಡು ವರ್ಷಗಟ್ಟಲೆ ಅಲೆದರು. ತಾವು ಬಯಸಿದ ಆ ಚಿತ್ರ ಕೊನೆಗೂ ಅವರಿಗೆ ದಕ್ಕಲಿಲ್ಲ.

ಸಹೋದ್ಯೋಗಿಗಳ ನಡುವೆ ಅವರು ಹೆಸರಾಗಿದ್ದುದು ಸಾಹಸಕ್ಕಲ್ಲ, ಎಚ್ಚರಿಕೆಗೆ. ಪಾರಾಗುವ ದಾರಿ ಕಾಣದೆ ಉಪಕರಣ ಇಡಲು ಹೋಗಬಾರದೆಂಬುದು ಅವರು ಪಾಲಿಸಿಕೊಂಡು ಬಂದ ನಿಯಮವಾಗಿತ್ತು. ಮುಂದೆ ನಡೆದ ದುರಂತ ಈ ಕಾರಣಕ್ಕಾಗಿಯೇ ಎಲ್ಲರನ್ನೂ ತಲ್ಲಣಗೊಳಿಸಿತು.

ಎಲ್ ರೀನೊದ ಸಂಜೆ

2013ರ ಮೇ 31ರ ಸಂಜೆ ಆರು ಗಂಟೆಯ ಸುಮಾರಿಗೆ ಓಕ್ಲಹೋಮಾ ರಾಜ್ಯದ ಎಲ್ ರೀನೊ ಪಟ್ಟಣದ ಹೊರವಲಯದಲ್ಲಿ ಸುಂಟರಗಾಳಿಯೊಂದು ನೆಲ ಮುಟ್ಟಿತು. ಅದು ನೋಡನೋಡುತ್ತಿದ್ದಂತೆ ಹಿಗ್ಗಿ 4.2 ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ಅಷ್ಟು ಅಗಲದ ಸುಂಟರಗಾಳಿ ಹಿಂದೆಂದೂ ದಾಖಲಾಗಿರಲಿಲ್ಲ. ಸಾಮಾನ್ಯವಾಗಿ ಸುಂಟರಗಾಳಿ ಎಂದರೆ ಆನೆಯ ಸೊಂಡಿಲಿನಂಥ ಚಿತ್ರ ನಮ್ಮ ಕಣ್ಣೆದುರು ಬರುತ್ತದೆ. ಎಲ್ ರೀನೊದಲ್ಲಿ ಹಾಗಿರಲಿಲ್ಲ. ಮಳೆಯ ತೆರೆಯೊಳಗೆ ಮುಚ್ಚಿಹೋದ, ಅಂಚು ಎಲ್ಲಿದೆಯೆಂದೇ ತಿಳಿಯದ ಕತ್ತಲಿನ ಗೋಡೆ ಅದು. ದೊಡ್ಡ ಸುಳಿಯೊಳಗೆ ಚಿಕ್ಕ ಸುಳಿಗಳು ಇನ್ನೂ ಹೆಚ್ಚಿನ ವೇಗದಲ್ಲಿ ತಿರುಗುತ್ತಿದ್ದವು. ಸಂಚಾರಿ ರೇಡಾರ್ ಅಳತೆಯ ಪ್ರಕಾರ ಅಲ್ಲಿನ ಗಾಳಿಯ ವೇಗ ಗಂಟೆಗೆ 480 ಕಿಲೋಮೀಟರ್ ಆಸುಪಾಸಿನಲ್ಲಿತ್ತು. ಆಗ್ನೇಯಕ್ಕೆ ಸಾಗುತ್ತಿದ್ದ ಸುಂಟರಗಾಳಿ ಹಠಾತ್ತನೆ ಪೂರ್ವಕ್ಕೆ, ಬಳಿಕ ಈಶಾನ್ಯಕ್ಕೆ ತಿರುಗಿ ವೇಗ ಹೆಚ್ಚಿಸಿಕೊಂಡಿತು.

ಆ ಹೊತ್ತಿನಲ್ಲಿ ಟಿಮ್ ಸಮಾರಸ್, ಅವರ 24ರ ಹರೆಯದ ಮಗ ಪಾಲ್ ಹಾಗೂ ಕಾರ್ಲ್ ಯಂಗ್ ಒಂದು ಚಿಕ್ಕ ಕಾರಿನಲ್ಲಿ ಹಳ್ಳಿಯ ಮಣ್ಣಿನ ರಸ್ತೆಯಲ್ಲಿ ಸಾಗುತ್ತಿದ್ದರು. ಚಿಕ್ಕ ಸುಳಿಯೊಂದು ಅವರ ಮೇಲೆರಗಿತು. ಮೂವರೂ ಉಳಿಯಲಿಲ್ಲ. ಟಿಮ್ ಅವರಿಗೆ ಆಗ 55 ವರ್ಷ. ಸುಂಟರಗಾಳಿಯನ್ನು ಅಭ್ಯಸಿಸುತ್ತಿದ್ದ ಸಂಶೋಧಕರು ಸುಂಟರಗಾಳಿಗೇ ಬಲಿಯಾದ ಮೊದಲ ಪ್ರಸಂಗವಿದು ಎಂದು ಹೇಳಲಾಗುತ್ತದೆ. ಆ ಸಂಜೆ ಸುಂಟರಗಾಳಿಗೆ ಸಿಲುಕಿ ಸತ್ತವರು ಒಟ್ಟು ಎಂಟು ಮಂದಿ. ಎಲ್ಲರೂ ವಾಹನಗಳಲ್ಲಿ ಹೊರಟಿದ್ದವರೇ. ಬೆನ್ನಟ್ಟುವವರ ಜೊತೆಗೆ ಗಾಬರಿಗೊಂಡು ಮನೆ ಬಿಟ್ಟು ಹೊರಟ ನಿವಾಸಿಗಳಿಂದಲೂ ರಸ್ತೆಗಳು ತುಂಬಿಹೋಗಿದ್ದವು. ಸಮಾರಸ್ ಅವರ ಜೀವನಚರಿತ್ರೆಯನ್ನು ಪತ್ರಕರ್ತ ಬ್ರ್ಯಾಂಟ್ಲಿ ಹಾರ್ಗ್ರೋವ್ 2018ರಲ್ಲಿ ಪುಸ್ತಕವಾಗಿ ಹೊರತಂದರು.

ಅತ್ಯಂತ ಎಚ್ಚರಿಕೆಯ ಮನುಷ್ಯನೂ ಒಂದು ಮಿತಿಯಾಚೆಗೆ ಬಿರುಗಾಳಿಯನ್ನು ಊಹಿಸಲಾರ ಎಂಬುದನ್ನು ಎಲ್ ರೀನೊ ತೋರಿಸಿಕೊಟ್ಟಿತು. ಬಿರುಗಾಳಿ ಎಷ್ಟು ದೂರದಲ್ಲಿದೆ ಎಂಬುದರ ಜೊತೆಗೆ, ಅದು ದಿಕ್ಕು ಬದಲಿಸಿದರೆ ತಾನು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ವೀಕ್ಷಕನ ಬಳಿ ಮೊದಲೇ ಉತ್ತರವಿರಬೇಕು.

ನಮ್ಮಲ್ಲಿ ಬಿರುಗಾಳಿ ಎಂದರೆ ಸಿಡಿಲು

ಭಾರತ ಉಪಖಂಡಕ್ಕೆ ಇಂಥ ಬಿರುಗಾಳಿಗಳು ಅಪರಿಚಿತವಲ್ಲ. 'ಸೈಕ್ಲೋನ್' ಎಂಬ ಪದವನ್ನೇ ಟಂಕಿಸಿದವರು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್, 1848ರ ಸುಮಾರಿಗೆ. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ ಆಲಿಕಲ್ಲಿನ ಹೊಡೆತಕ್ಕೆ 246 ಮಂದಿ ಸತ್ತದ್ದು ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಎದ್ದದ್ದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ, 1989ರ ಏಪ್ರಿಲ್ 26ರಂದು. ಸತ್ತವರು ಸುಮಾರು 1,300 ಮಂದಿ.

ಕರ್ನಾಟಕದಲ್ಲಿ ದೊಡ್ಡ ಸುಂಟರಗಾಳಿ ಅಪರೂಪ. ಇಲ್ಲಿ ಬಿರುಗಾಳಿಯ ನಿಜವಾದ ಆಯುಧ ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಂಕಿ-ಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಆ ವರ್ಷ ನೈಸರ್ಗಿಕ ವಿಕೋಪಗಳಿಂದ ಸಂಭವಿಸಿದ ಸಾವುಗಳಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾದದ್ದು ಇದೊಂದೇ ಕಾರಣದಿಂದ. ಹೊಲದಲ್ಲಿ ದುಡಿಯುವವರು, ದನ-ಕುರಿ ಮೇಯಿಸುವವರು, ಮಳೆಗೆ ಅಂಜಿ ಮರದಡಿ ನಿಂತವರು ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತಾರೆ.

ಖಾನಾಪುರ ತಾಲೂಕು ಬಿರುಗಾಳಿಯ ವೀಕ್ಷಣೆಗೆ ಒಂದು ಉತ್ತಮ ಪಾಠಶಾಲೆ. ಪಶ್ಚಿಮಕ್ಕೆ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಜಾಂಬೋಟಿ ಸುತ್ತಲಿನ ಘಟ್ಟದ ಕಾಡು. ಪೂರ್ವಕ್ಕೆ ಪಾರಿಶ್ವಾಡ, ಇಟಗಿ ಕಡೆಯ ಬಯಲು. ಘಟ್ಟದಂಚಿನ ಆಮಗಾಂವದಲ್ಲಿ 2010ರಲ್ಲಿ 10 ಸಾವಿರ ಮಿಲಿಮೀಟರ್ ಮೀರಿದ ಮಳೆ ದಾಖಲಾಗಿದೆ. ಅದೇ ತಾಲೂಕಿನ ಪೂರ್ವದಂಚಿಗೆ ಬಂದರೆ ಮಳೆ ಹಲವು ಪಟ್ಟು ತಗ್ಗುತ್ತದೆ. ಮುಂಗಾರಿಗೆ ಮುನ್ನ ಅರಬ್ಬಿ ಸಮುದ್ರದ ತೇವಗಾಳಿಯೂ ಒಳನಾಡಿನ ಒಣ ಬಿಸಿಗಾಳಿಯೂ ಸಂಧಿಸುವ ಪ್ರದೇಶವಿದು. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೆದ್ದು ಮೋಡ ಗೋಪುರದಂತೆ ಬೆಳೆಯಲು ಇಲ್ಲಿ ಎಲ್ಲ ಅನುಕೂಲವೂ ಇದೆ.

ಅದನ್ನು ದೂರದಿಂದ ನೋಡುವುದು ಮಾತ್ರ ಸುಲಭವಲ್ಲ. ಪಣಜಿಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇದೆ. ಆದರೆ ಭೂಮಿ ದುಂಡಗಿರುವುದರಿಂದ ಮತ್ತು ಕಿರಣ ತುಸು ಮೇಲ್ಮುಖವಾಗಿ ಹೊರಡುವುದರಿಂದ, ಅರ್ಧ ಡಿಗ್ರಿ ಕೋನದಲ್ಲಿ ಹೊರಟ ರೇಡಾರ್ ಕಿರಣ 100 ಕಿಲೋಮೀಟರ್ ದೂರ ತಲುಪುವಷ್ಟರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಡುವೆ ಸಹ್ಯಾದ್ರಿಯ ಸಾಲು ಬೇರೆ. ಮೋಡದ ನೆತ್ತಿ ಕಂಡರೂ ಅದರ ಪಾದ ಕಾಣದು.

ಈ ಅಂತರವನ್ನು ತುಂಬಲು ಕರ್ನಾಟಕ ಮಾಡಿಕೊಂಡಿರುವ ವ್ಯವಸ್ಥೆ ಗಮನಾರ್ಹವಾಗಿದೆ. 1988ರಲ್ಲಿ ಬರ ಪರಿಸ್ಥಿತಿಯ ಮೇಲ್ವಿಚಾರಣಾ ಕೋಶವಾಗಿ ಆರಂಭಗೊಂಡ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿತು. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುವಂತೆ ರೂಪುಗೊಂಡವು. ರೈತರ ಪ್ರಶ್ನೆಗಳಿಗಾಗಿ 'ವರುಣ ಮಿತ್ರ' ಸಹಾಯವಾಣಿಯನ್ನೂ, ಸಿಡಿಲಿನ ಮುನ್ಸೂಚನೆಗಾಗಿ 'ಸಿಡಿಲು' ಎಂಬ ಮೊಬೈಲ್ ಆ್ಯಪನ್ನೂ ಕೇಂದ್ರ ಹೊರತಂದಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಕೂಡ ಇದೇ ಉದ್ದೇಶದ್ದು.

ಆದರೆ ಮಳೆಮಾಪಕಕ್ಕೆ ಆಲಿಕಲ್ಲಿನ ಗಾತ್ರ ತಿಳಿಯದು, ಗಾಳಿಗೆ ಮುರಿದ ಮರ ಕಾಣದು. ಆ ಕೆಲಸ ಇಂದಿಗೂ ಮನುಷ್ಯನದೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿದೆ. ಬಯಲುಸೀಮೆಯ ಒಕ್ಕಲಿಗರು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯ ಲೆಕ್ಕವಿಟ್ಟವರು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿದೆ. ನೋಡುವ ಕಣ್ಣು ಇಲ್ಲಿ ಹಿಂದಿನಿಂದಲೂ ಇದೆ. ಕಂಡದ್ದನ್ನು ಹೊತ್ತು, ಸ್ಥಳ, ಅಳತೆಯೊಂದಿಗೆ ಬರೆದಿಡುವ ರೂಢಿ ಸೇರಿಕೊಂಡರೆ ಅದೇ ವೀಕ್ಷಣೆಯಾಗುತ್ತದೆ.

ವೀಕ್ಷಕನು ಗಮನಿಸಬೇಕಾದವು

* ಹೊತ್ತು ಮತ್ತು ಸ್ಥಳ: ಗಾಳಿ ಅಥವಾ ಆಲಿಕಲ್ಲು ಆರಂಭವಾದ, ನಿಂತ ಗಡಿಯಾರದ ಸಮಯ, ಊರು ಮತ್ತು ಊರಿನ ಯಾವ ದಿಕ್ಕು ಎಂಬ ವಿವರ.

* ಆಲಿಕಲ್ಲಿನ ಗಾತ್ರ: ಬಟಾಣಿ ಕಾಳು, ನೆಲ್ಲಿಕಾಯಿ, ನಿಂಬೆಹಣ್ಣು ಹೀಗೆ ಪರಿಚಿತ ವಸ್ತುವಿನ ಹೋಲಿಕೆ. ಮಳೆ ನಿಂತ ಮೇಲೆ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ ಇನ್ನೂ ಒಳಿತು.

* ಮಳೆಯ ಪ್ರಮಾಣ: ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ಅಳೆದರೆ ಹೋಲಿಕೆ ಸುಲಭ.

* ಸಿಡಿಲಿನ ದೂರ: ಮಿಂಚು ಕಂಡ ಬಳಿಕ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಿದ್ದರೆ ವೀಕ್ಷಣೆ ನಿಲ್ಲಿಸಿ ಪಕ್ಕಾ ಕಟ್ಟಡದ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು.

* ನಿಲ್ಲಬಾರದ ಜಾಗ: ಒಂಟಿ ಮರದ ಅಡಿ, ವಿದ್ಯುತ್ ಕಂಬದ ಬಳಿ, ಕೆರೆಯ ನೀರಿನಲ್ಲಿ, ಬಯಲಿನ ನಡುವೆ.

ಹೀಗೆ ಕಂಡದ್ದನ್ನು ದಾಖಲಿಸಲು ಭಾರತೀಯ ಹವಾಮಾನ ಇಲಾಖೆ ತನ್ನ ಜಾಲತಾಣದಲ್ಲಿ ಸಾರ್ವಜನಿಕರಿಗೂ ಅವಕಾಶ ಕಲ್ಪಿಸಿದೆ. ಇದಕ್ಕೆ ಪದವಿ ಬೇಕಿಲ್ಲ. ಸಮಾರಸ್ ಅವರಿಗೂ ಇರಲಿಲ್ಲ. ಬೇಕಾದದ್ದು ಕಂಡದ್ದನ್ನಷ್ಟೇ ಬರೆಯುವ ಪ್ರಾಮಾಣಿಕತೆ ಮತ್ತು ಹಿಂದೆ ಸರಿಯಬೇಕಾದ ಗಳಿಗೆಯನ್ನು ಅರಿಯುವ ವಿವೇಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿತೆಂದರೆ, ಪಾರಿಶ್ವಾಡದ ಹೊಲದಲ್ಲಿ ನಿಂತವನ ಪಾಲಿಗೆ ಆ ಗಳಿಗೆ ಬಂದಿತೆಂದೇ ಅರ್ಥ.